ಹಿತ್ತಾಳೆ ಬಾಗಿಲಿನ ಹಿಂದಿನ ರೂಟರ್

ನಾನು ಒಂದು ರೂಟರ್. ಅಂಗೈಗಿಂತ ತುಸು ದೊಡ್ಡದಾದ ಬಿಳಿ ಡಬ್ಬಿ. ಬೆನ್ನಿಗೆ ಎರಡು ಕೋಲು, ಎದೆಯ ಮೇಲೆ ಸಾಲು ದೀಪ. ಹುಟ್ಟಿದ್ದು ಯಾವುದೋ ದೂರದ ಕಾರ್ಖಾನೆಯಲ್ಲಿ, ನನ್ನಂಥವರೇ ಸಾವಿರಾರು ಮಂದಿಯ ನಡುವೆ. ಅಲ್ಲಿ ತಿರುಪು ಬಿಗಿದು ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿಸಿದರು. ಕಣ್ಣು ಬಿಟ್ಟದ್ದು ಮಾತ್ರ ಲಕ್ಷ್ಮೇಶ್ವರದ ಒಂದು ಓಣಿಯಲ್ಲಿ, ಗೋದಾಬಾಯಿಯವರ ಪಡಸಾಲೆಯಲ್ಲಿ.

ಅದು ಪುರಾಣ ಓದುವ ಮನೆ. ಗೋದಾಬಾಯಿಯ ತಂದೆ ಶ್ರಾವಣದ ಸಂಜೆ ರಾಗ ಹಿಡಿದು ಓದಲು ಕೂತರೆ ಪಡಸಾಲೆ ತುಂಬಿ ಜನ ಕಟ್ಟೆಯ ಮೇಲೂ ಕೂರುತ್ತಿದ್ದರಂತೆ. ಆ ಮನೆಯಲ್ಲೊಂದು ನೇಮ. ಒಂದು ಪದ್ಯ ಮುಗಿದೊಡನೆ ಕೇಳುವವರಲ್ಲಿ ಯಾರಾದರೂ ‘ಹೂಂ’ ಎನ್ನಬೇಕು. ಹೂಂ ಬಾರದೆ ಮುಂದಿನ ಪದ್ಯಕ್ಕೆ ಹೋಗುವಂತಿಲ್ಲ. ಕೇಳುವವರಿಲ್ಲದ ಓದು ಓದೇ ಅಲ್ಲ ಎಂದು ತಂದೆ ಹೇಳಿದ್ದರು. ಮನೆಯಲ್ಲಿ ಪುರಾಣ ನಿಲ್ಲಗೊಡುವುದಿಲ್ಲ ಎಂದು ಮಗಳು ಅವರಿಗೆ ಮಾತು ಕೊಟ್ಟಿದ್ದರು.

ಕಾಲ ಸರಿದು ಕೇಳುವವರು ಚದುರಿದರು. ಒಬ್ಬರು ಹುಬ್ಬಳ್ಳಿ, ಒಬ್ಬರು ಸೊಲ್ಲಾಪುರ, ಕೆಲವರಿಗೆ ಮೊಣಕಾಲು ನೋವು. ಅದಕ್ಕೇ ನನ್ನನ್ನು ತರಿಸಿದ್ದು. ಇನ್ನು ಮೇಲೆ ಓದು ಫೋನಿನ ಮೇಲೆ; ಎಲ್ಲರೂ ಕೂಡುವ ಕರೆಯ ಲಿಂಕು ಓಣಿಯವರಿಗೂ ಹೋಯಿತು.

ಕೇಬಲ್ಲಿನ ಮೈಲಾರಪ್ಪ ನನ್ನನ್ನು ಕಿಟಕಿಯ ಮೇಲಿಟ್ಟು ತಂತಿ ಸಿಕ್ಕಿಸಿದ. “ಈ ತಂತಿಯೊಳಗ ಬರೂದು ಇಂಟರ್‌ನೆಟ್ ರಿ ಬಾಯಾರ. ಇದನ್ನ ತಂತಿ ಇಲ್ಲದ ಮನಿತುಂಬ ಹಂಚಿದ್ರ ಅದು ವೈ-ಫೈ. ಕೀಲಿ ಇದ್ದಾಂಗ ಒಂದು ಪಾಸ್‌ವರ್ಡ್ ಇರತದ, ಅದು ಗೊತ್ತಿದ್ದವರು ಒಳಗ ಬರಬಹುದು.”

“ಮತ್ತ ಎಲ್ಲಾರೂ ಒಳಗ ಬಂದ್ರ?”

“ಪೈಪು ಒಂದ ರಿ. ಪೈಪಿನ ಅಗಲಕ್ಕ ಬ್ಯಾಂಡ್‌ವಿಡ್ತ್ ಅಂತಾರ. ಭಾಳ ಮಂದಿ ಜಗ್ಗಿದ್ರ ಎಲ್ಲಾರಿಗೂ ಸಣ್ಣ ಧಾರಿ.”

ಈ ಮಾತು ಗೋದಾಬಾಯಿಯ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಬರಿಯ ಧ್ವನಿಗೆ ಆ ಪೈಪಿನ ಒಂದು ಹನಿ ಸಾಕು ಎಂಬುದನ್ನು ಅವನು ಹೇಳಲಿಲ್ಲ, ಇವರು ಕೇಳಲಿಲ್ಲ.

ನನ್ನ ಕೆಲಸ ಸರಳವಾದದ್ದು. ನನ್ನ ಬಳಿ ಬಂದ ಪ್ರತಿ ಫೋನಿಗೂ ಒಂದು ಐಪಿ ವಿಳಾಸ ಕೊಡುತ್ತೇನೆ; ಮನೆಗೆ ನಂಬರು ಬರೆದಂತೆ. ಯಾರು ಏನು ಕಳಿಸಿದರೂ ಅದು ಸಣ್ಣ ಸಣ್ಣ ತುಣುಕಾಗಿ ಹೊರಡುತ್ತದೆ. ಆ ತುಣುಕಿಗೆ ಪ್ಯಾಕೆಟ್ ಎಂದು ಹೆಸರು. ಪ್ರತಿಯೊಂದರ ಮೇಲೂ ಎಲ್ಲಿಂದ, ಎಲ್ಲಿಗೆ ಎಂಬ ವಿಳಾಸ. ನಾನು ಅದನ್ನಷ್ಟೇ ನೋಡಿ ದಾರಿ ತೋರಿಸುತ್ತೇನೆ. ಕುಲ ಕೇಳುವುದಿಲ್ಲ, ಒಳಗೇನಿದೆ ಎಂದೂ ಕೇಳುವುದಿಲ್ಲ. ಪತ್ರವನ್ನೋ ಚಿತ್ರವನ್ನೋ ಕಳಿಸಿದರೆ ಮುಟ್ಟಿದ ಕಡೆಯಿಂದ ‘ಬಂತು’ ಎಂಬ ಉತ್ತರ ಬರುತ್ತದೆ. ಬಾರದಿದ್ದರೆ ಕಳಿಸಿದವರು ಮತ್ತೆ ಕಳಿಸುತ್ತಾರೆ. ಯಂತ್ರಗಳ ಹೂಂ ಅದು. ಆದರೆ ಎದುರುಬದುರು ಕೂತಂತೆ ಆಡುವ ಮಾತಿಗೆ ಅಷ್ಟು ಪುರುಸೊತ್ತಿಲ್ಲ. ದಾರಿಯಲ್ಲಿ ಬಿದ್ದ ತುಣುಕು ಬಿದ್ದೇ ಹೋಗುತ್ತದೆ. ಅಲ್ಲಿ ಹೂಂ ಎನ್ನಲು ಮನುಷ್ಯರೇ ಬೇಕು.

ಹಾಗೆ ಎನ್ನುವವರು ಒಬ್ಬರಿದ್ದರು. ಉಳಿದವರೆಲ್ಲ ಮೈಕು ಬಂದ್ ಮಾಡಿಕೊಂಡು ಕೇಳುತ್ತಿದ್ದರೆ, ಹೆಸರಿನ ಜಾಗದಲ್ಲಿ ಬರೀ ಫೋನಿನ ಕಂಪನಿಯ ಹೆಸರಿದ್ದ ಒಂದು ಕಡೆಯಿಂದ ಪದ್ಯ ಮುಗಿದೊಡನೆ ತಗ್ಗಿದ ದನಿಯ ‘ಹೂಂ’ ಬರುತ್ತಿತ್ತು. ಸೊಲ್ಲಾಪುರದ ಸೋದರತ್ತೆ ಇರಬೇಕೆಂದುಕೊಂಡು ಗೋದಾಬಾಯಿ ಹಿಗ್ಗುತ್ತಿದ್ದರು.

ಆಯುಧಪೂಜೆಯ ದಿನ ನನಗೂ ಅರಿಶಿನ ಕುಂಕುಮ ಬಂತು. ಪುರಾಣ ಹೊತ್ತೊಯ್ಯುವ ವಸ್ತು ಕಿಟಕಿಯಲ್ಲಿ ಧೂಳು ತಿನ್ನಬಾರದೆಂದು ಗೋದಾಬಾಯಿಗೆ ಅನ್ನಿಸಿತು. ನನ್ನನ್ನು ಎತ್ತಿ ದೇವರ ಗೂಡಿನಲ್ಲಿಟ್ಟರು. ಗೋಡೆ ಕೊರೆದು ಮಾಡಿದ ಗೂಡು. ಮುಂದೆ ಹಿತ್ತಾಳೆ ತಗಡಿನ ಜೋಡು ಬಾಗಿಲು. ಸಂಜೆಯ ನೈವೇದ್ಯವಾದ ಮೇಲೆ ಬಾಗಿಲು ಮುಚ್ಚುವುದು, ಆಮೇಲೆ ಓದು. ಓದು ಮುಗಿದು, ಮಡಿಯಲ್ಲದ ಫೋನನ್ನು ಬಂದ್ ಮಾಡಿ ದೂರವಿಟ್ಟ ನಂತರವೇ ಬಾಗಿಲು ತೆರೆದು ಮಂಗಳಾರತಿ.

ನನ್ನ ಅಲೆಗಳು ಮರವನ್ನು ದಾಟುತ್ತವೆ, ಮಣ್ಣನ್ನೂ ಒಂದಷ್ಟು ದಾಟುತ್ತವೆ. ಲೋಹವನ್ನು ದಾಟಲಾರವು; ಬಾಗಿಲ ಸಂದಿಯಿಂದ ನುಸುಳಿದಷ್ಟೇ. ಬಾಗಿಲು ಮುಚ್ಚಿದ್ದೇ ತಡ, ಎದುರಿಗೇ ಕೂತ ಗೋದಾಬಾಯಿಯ ಫೋನಿಗೆ ನಾನು ದೂರದವನಾದೆ. ಓದು ತುಂಡು ತುಂಡಾಯಿತು. “ಬಾಯಿ, ಧ್ವನಿ ಕಡೀಲಿಕ್ಕತ್ತದ,” ಎಂದು ಹುಬ್ಬಳ್ಳಿಯವರು. “ಅರ್ಧಾ ಪದ್ಯ ಎಲ್ಲಿ ಹೋತು?” ಎಂದು ಇನ್ನೊಬ್ಬರು. ತುಂಡಾದ ಪದ್ಯಕ್ಕೂ ಆ ಹೂಂ ಮಾತ್ರ ತಪ್ಪುತ್ತಿರಲಿಲ್ಲ.

ಗೂಡಿನ ಬೆನ್ನಿಗೆ ಗೋಡೆ ತೆಳ್ಳಗೆ. ಆಚೆಗೆ ಯಮುನವ್ವನ ಮನೆ. ಅವಳದು ಹೊಲಿಗೆ, ಬೆಳಗಿನಿಂದ ಮಷೀನಿನ ಸದ್ದು. ಹಿಂದೊಮ್ಮೆ ಯಾರದೋ ಕುಬುಸದ ಚಿತ್ರ ಕಳಿಸಬೇಕೆಂದಾಗ ಗೋದಾಬಾಯಿಯೇ ಅವಳ ಫೋನಿಗೆ ಪಾಸ್‌ವರ್ಡ್ ಹಾಕಿಕೊಟ್ಟಿದ್ದರು.

ಈಗ ಗೋದಾಬಾಯಿಯ ಕಿವಿ ಒಂದು ಸಂಗತಿ ಹಿಡಿಯಿತು. ಸಂಜೆ ಓದು ಶುರುವಾದೊಡನೆ ಆಚೆಯ ಮಷೀನು ನಿಲ್ಲುತ್ತದೆ. ಓದು ಮುಗಿದ ಮೇಲೆ ಮತ್ತೆ ತಿರುಗುತ್ತದೆ. ಪೈಪು ಒಂದೇ, ಆ ಹೊತ್ತಿಗೇ ಯಾರೋ ಜಗ್ಗುತ್ತಿದ್ದಾರೆ. ಬೇರೆ ಸಾಕ್ಷಿ ಯಾಕೆ?

ಮರುದಿನ ಯಮುನವ್ವನ ಬಾಗಿಲಲ್ಲಿ ಅಳತೆ ಕೊಡಲು ಬಂದ ಹೆಂಗಸರು ನಿಂತಿದ್ದಾಗಲೇ ಗೋದಾಬಾಯಿ ಹೋದರು. ತೆಳ್ಳಗಿನ ಗೋಡೆಯ ಈಚೆಗೆ ನನಗೆ ಎಲ್ಲ ಕೇಳಿಸಿತು.

“ಯಮುನವ್ವ, ನಾ ಪುರಾಣ ಹಚ್ಚಿದಾಗ ನೀ ಧಾರಾವಾಹಿ ಹಚ್ಚತೀ ಏನ?”

“ಇಲ್ರಿ ಬಾಯಾರ…”

“ಮಷೀನ್ ಯಾಕ ನಿಂದರತದ ಹಂಗಾರ? ಒಂದ ಸಲ ಹಾಕಿಕೊಟ್ಟರ ದಿನಾ ಗ್ವಾಡಿಯಾಗಿಂದ ಹೀರೂದ? ದೇವರ ಹೆಸರಿನ ಮ್ಯಾಲ ನಡದದ್ದನ್ನ ಕದೀಬಾರದು.”

ಯಾರೋ ಒಬ್ಬಳು ಕಿಸಕ್ಕನೆ ನಕ್ಕಳು. ಅಂದೇ ಮೈಲಾರಪ್ಪ ಬಂದು ಪಾಸ್‌ವರ್ಡ್ ಬದಲಿಸಿದ. ಒಂದು ವಿಳಾಸ ನನ್ನಿಂದ ಕಳಚಿಕೊಂಡಿತು.

ಆ ಸಂಜೆ ಗೋದಾಬಾಯಿ ಬಾಗಿಲು ಮುಚ್ಚಿ, ಮೊದಲ ಪದ್ಯ ಹಾಡಿ, ನಿಂತರು. ಹೂಂ ಬರಲಿಲ್ಲ. ಮತ್ತೊಮ್ಮೆ ಹಾಡಿದರು. ಫೋನು ಮೌನ.

“ಅತ್ಯಾ, ಹೂಂ ಅನ್ರಿ,” ಎಂದರು.

ಸೋದರತ್ತೆ ಮೈಕು ತೆರೆದು, “ನಾ ಎಂದ ಅಂದೀನ ಗೋದಿ? ನನ್ನ ಮೈಕ್ ಯಾವಾಗ್ಲೂ ಬಂದ್ ಇರತದ. ಅಂತಿದ್ದಾಕಿ ಬ್ಯಾರೆ ಯಾರೋ,” ಎಂದರು. ಅದೂ ಅರ್ಧಂಬರ್ಧ ಕೇಳಿಸಿತು.

ಗೋದಾಬಾಯಿ ಏನೋ ಅಪಚಾರವಾಯಿತೆಂದು ಎದ್ದು, ಫೋನು ನಡೆದಿರುವಾಗಲೇ ಹಿತ್ತಾಳೆ ಬಾಗಿಲು ತೆರೆದು ಕೈಮುಗಿದರು.

“ಹಾಂ, ಈಗ ಛಲೋ ಕೇಳಸ್ತದ ನೋಡ್ರಿ ಬಾಯಿ,” ಹುಬ್ಬಳ್ಳಿಯವರ ದನಿ ಗಂಟೆ ಬಾರಿಸಿದಂತೆ ಬಂತು.

ಬಾಗಿಲು ಮುಚ್ಚಿದರು, ದನಿ ಮುರಿಯಿತು. ತೆರೆದರು, ಕೂಡಿತು. ತೆರೆದ ಬಾಗಿಲ ಮೇಲೆ ಕೈಯಿಟ್ಟುಕೊಂಡು ಗೋದಾಬಾಯಿ ನನ್ನನ್ನೇ ನೋಡುತ್ತ ನಿಂತರು. ಆಗ ಗೋಡೆಯಾಚೆಯಿಂದ ಮಷೀನಿನ ಸದ್ದು ಕೇಳಿಸಿತು. ಓದಿನ ಹೊತ್ತಿನಲ್ಲಿ ಎಂದೂ ತಿರುಗದ ಮಷೀನು ಈಗ ತಿರುಗುತ್ತಿತ್ತು.

ಮಷೀನು ನಿಂತ ಸಂಜೆಗಳಲ್ಲೆಲ್ಲ ಹೂಂ ಇತ್ತು; ತಿರುಗುವ ಈ ಸಂಜೆ ಹೂಂ ಇಲ್ಲ. ಗೋದಾಬಾಯಿ ದೇವರ ಕಡೆಗೂ ಕಣ್ಣೆತ್ತಲಾಗದೆ ನೆಲ ನೋಡುತ್ತ, “ಇವತ್ತು ಸಾಕು,” ಎಂದು ಫೋನು ಬಂದ್ ಮಾಡಿದರು.

ಮರುದಿನ ಗೋದಾಬಾಯಿ ಹೋದೊಡನೆ ಗೋಡೆಯಾಚೆ ಮಷೀನು ನಿಂತಿತು.

“ಅಳತಿ ತಂದೀರೇನ್ರಿ ಬಾಯಾರ?”

“ಇಲ್ಲವಾ. ನಿನ್ನೆ… ನೀ ಹೂಂ ಅನ್ನಲಿಲ್ಲ.”

ಕತ್ತರಿಯಿಂದ ದಾರ ಕತ್ತರಿಸಿದ ಸದ್ದು ಬಂತು. ಆಮೇಲೆ ಯಮುನವ್ವ, “ಕೀಲಿ ಹಾಕಿದ ಮನಿಯಾಗ ಹೆಂಗ ಅನ್ನಲಿರಿ?” ಎಂದಳು.

“ತಪ್ಪಾತು. ನಾಲ್ಕು ಮಂದಿ ಎದುರಿಗೆ ಅಂದೆ. ಹೊಸಾ ಪಾಸ್‌ವರ್ಡ್ ಹಾಕಿಕೊಡತೀನಿ, ಫೋನ್ ತಾ.”

“ಬ್ಯಾಡ್ರಿ. ನಾಳೆ ಮತ್ತ ಏನರ ಕಡಿಮಿ ಬಂದ್ರ ಎಲ್ಲಾರೂ ನನ್ನ ಮಾರಿ ನೋಡ್ತಾರ.”

ಮಷೀನು ಮತ್ತೆ ತಿರುಗಿತು.

ಆ ಸಂಜೆ ಗೋದಾಬಾಯಿ ನನ್ನನ್ನು ಕಿಟಕಿಗೆ ಒಯ್ದಿಟ್ಟರು. ಫೋನನ್ನು ನನ್ನ ಪಕ್ಕದಲ್ಲೇ ಬಿಟ್ಟು, ಪುಸ್ತಕವನ್ನೊಂದೇ ಎತ್ತಿಕೊಂಡು ಹೊರಗೆ ನಡೆದರು. ಕಿಟಕಿಯಿಂದ ಯಮುನವ್ವನ ಕಟ್ಟೆ ಕಾಣುತ್ತದೆ. ಎಂದೂ ಯಾರ ಕಟ್ಟೆಗೂ ಹೋಗಿ ಓದದವರು ಅಲ್ಲಿ, ಹೊಲಿಗೆಯ ಚಿಂದಿಯ ನಡುವೆ ಕೂತರು. ನೀರಿಗೆ ಹೋಗುವ ಹೆಂಗಸರು ನಿಂತು ನೋಡಿದರು. ಆ ದಿನ ನಕ್ಕವಳೂ ಅವರಲ್ಲಿದ್ದಳು. ಗೋದಾಬಾಯಿ ತಲೆ ಎತ್ತದೆ ಮೊದಲ ಪದ್ಯ ಹಾಡಿದರು. ಒಳಗೆ ಮಷೀನು ನಿಲ್ಲಲಿಲ್ಲ. ಅದೇ ಪದ್ಯವನ್ನು ಮತ್ತೆ ಹಾಡಿದರು, ಉತ್ತರ ಬಾರದ ಪ್ಯಾಕೆಟ್ಟನ್ನು ಮತ್ತೆ ಕಳಿಸುವಂತೆ. ಮತ್ತೆ ಹಾಡಿದರು.

ಮಷೀನು ನಿಂತಿತು. ಒಳಗಿನಿಂದ, ತಗ್ಗಿದ ದನಿಯಲ್ಲಿ, “ಹೂಂ.”

ಆ ಹೂಂ ನನ್ನ ಮೂಲಕ ಬರಲಿಲ್ಲ.

ಈಗ ನಾನು ಮುದುಕ. ಹೊಸ ತಂತಿಗೆ ಹೊಸ ಡಬ್ಬಿ ಬಂದಿದೆ, ಕಿಟಕಿ ಅದರದು. ಕುಂಕುಮ ಹಚ್ಚಿದ ವಸ್ತುವನ್ನು ಗುಜರಿಗೆ ಹಾಕಬಾರದೆಂದು ನನ್ನನ್ನು ಮತ್ತೆ ಗೂಡಿನ ಮೂಲೆಯಲ್ಲಿಟ್ಟಿದ್ದಾರೆ. ದೀಪಗಳು ಆರಿವೆ, ವಿಳಾಸಗಳೆಲ್ಲ ಮರೆತುಹೋಗಿವೆ. ಹಿತ್ತಾಳೆ ಬಾಗಿಲನ್ನು ಈಗ ಯಾರೂ ಮುಚ್ಚುವುದಿಲ್ಲ. ಯಮುನವ್ವ ಈಚೆಗೆ ಪಡಸಾಲೆಗೇ ಬಂದು, ಗೋಡೆಗೆ ಒರಗಿ ಕೂರುತ್ತಾಳೆ. ಫೋನಿನ ಆ ಕಡೆಯವರಿಗೂ ಅವಳದೇ ಹೂಂ ಕೇಳಿಸುತ್ತದೆ. ಎಷ್ಟೋ ಸಾವಿರ ಪ್ಯಾಕೆಟ್ಟುಗಳನ್ನು ಊರೂರಿಗೆ ದಾಟಿಸಿದವನು ನಾನು. ಗೋದಾಬಾಯಿಯನ್ನು ಒಂದು ಗೋಡೆ ದಾಟಿಸಲು ನನ್ನಿಂದಾಗಲಿಲ್ಲ.

ಒಂದು ಸಂಗತಿ ದಿನವೂ ಕಾಣುತ್ತೇನೆ. ಪದ್ಯ ಮುಗಿಯುತ್ತದೆ, ಹೂಂ ಬರುತ್ತದೆ. ಗೋದಾಬಾಯಿ ಒಡನೆ ಮುಂದಿನ ಪದ್ಯಕ್ಕೆ ಹೋಗುವುದಿಲ್ಲ. ಒಂದು ಗಳಿಗೆ ತಲೆ ತಗ್ಗಿಸುತ್ತಾರೆ. ಆಮೇಲೆ ಪುಟ ತಿರುವುತ್ತಾರೆ.