ಸೂ ಎಂದರೆ

ಐಂಡ್‌ಹೋವನ್‌ನಲ್ಲಿ ಯಾರಾದರೂ ‘ನೀವು ಇಂಡಿಯನ್ ಮಾತಾಡ್ತೀರಾ?’ ಎಂದು ಕೇಳಿದರೆ ಚಂದ್ರಪ್ರಭಾಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕನ್ನಡದ ಮನೆತನ ಬೇರೆ, ಹಿಂದಿಯ ಮನೆತನ ಬೇರೆ ಎಂದು ಮಗಳ ಶಾಲೆಯ ಗೇಟಿನಲ್ಲಿ ನಿಂತು ಡಚ್ ತಾಯಂದಿರಿಗೆ ಪಾಠ ಮಾಡಿದವಳು ಅವಳು. ಆದರೆ ಪಕ್ಕದ ಮನೆಗೆ ಚೀನಾದ ಅಜ್ಜಿ ಬಂದಾಗ ಅವಳೇ ಅಂದಳು: ‘ಚೀನಾದವ್ರು ಚೈನೀಸ್ ಮಾತಾಡ್ತಾರೆ, ಇನ್ನೇನು?’ ಶಾಸ್ತ್ರ ಹೇಳೋದು, ಬದನೆಕಾಯಿ ತಿನ್ನೋದು.

ಅಜ್ಜಿಗೆ ಚಳಿಗಾಲದಲ್ಲಿ ಲಕ್ವ ಹೊಡೆದು ಅರ್ಧ ಮೈ ಸ್ವಾಧೀನ ತಪ್ಪಿತ್ತು. ಕಲಿತಿದ್ದ ಚೈನೀಸ್ ಪೂರ್ತಿ ಅಳಿಸಿಹೋಗಿ, ಹುಟ್ಟೂರಿನ ಭಾಷೆಯ ನಾಲ್ಕಾರು ಮಾತು ಮಾತ್ರ ಉಳಿದಿದ್ದವು. ಆ ಭಾಷೆ ಬರುತ್ತಿದ್ದದ್ದು ಮಗ ಹಾನ್‌ಗೆ. ಅವನು ಕಂಪನಿ ಕೆಲಸದ ಮೇಲೆ ಕೊರಿಯಾಗೆ ಹೋಗಿದ್ದ. ಸೊಸೆ ಮೇ ಬೇರೆ ಪ್ರಾಂತ್ಯದವಳು, ಅವಳಿಗೆ ಒಂದಕ್ಷರವೂ ತಿಳಿಯದು. ಫೋನಿನಲ್ಲಿ ಮಗನ ಮುಖ ಕಂಡರೆ ಅಜ್ಜಿ ಅಳುತ್ತಿದ್ದರೇ ಹೊರತು ಮಾತು ಹೊರಡುತ್ತಿರಲಿಲ್ಲ. ನೋಡಿಕೊಳ್ಳುತ್ತಿದ್ದ ಹೆಂಗಸು ಬೇಸಿಗೆ ರಜೆಗೆ ಹೊರಟಾಗ ಮೇ ಬಂದು ಚಂದ್ರಪ್ರಭಾಳ ಬಾಗಿಲು ತಟ್ಟಿದಳು. ಮಗ ಬರುವ ತನಕ, ಮೇ ಕೆಲಸಕ್ಕೆ ಹೋಗುವ ಹಗಲು ಹೊತ್ತು, ಆ ಜೀವವನ್ನು ಜೋಪಾನ ಮಾಡಬೇಕು, ಅಷ್ಟೇ. ಚಂದ್ರಪ್ರಭಾ ಎರಡು ಮಾತಿಲ್ಲದೆ ಒಪ್ಪಿದಳು.

ಮೊದಲ ದಿನವೇ ಅಜ್ಜಿ ಅಡುಗೆಮನೆಯ ಕಡೆ ಕಣ್ಣು ಹೊರಳಿಸಿ ‘ಸೂ’ ಎಂದರು. ಮತ್ತೆ ‘ಸೂ, ಸೂ.’ ಅಡುಗೆಮನೆಯ ಪಕ್ಕದಲ್ಲೇ ಟಾಯ್ಲೆಟ್.

‘ಅಯ್ಯೋ, ಸುಸುನಾ ಅಜ್ಜಿ? ಬನ್ನಿ ಬನ್ನಿ.’

ಸಂಜೆ ಗಂಡನ ಮುಂದೆ ಹೇಳಿಕೊಂಡು ನಕ್ಕಳು. ‘ನೋಡ್ರೀ, ಭಾಷೆ ಬರ್ದಿದ್ರೇನು? ಸುಸು ಅನ್ನೋದು ಯೂನಿವರ್ಸಲ್ಲು!’ ಸುಜಯ್ ಕೂಡ ನಕ್ಕ.

ಆ ವಾರ ಬಿಸಿಲು ವಿಪರೀತ. ಚಳಿಗೆಂದು ಕಟ್ಟಿದ ಮನೆಗಳು, ಒಳಗೆ ಬಂದ ಸೆಖೆ ಹೊರಗೆ ಹೋಗದು. ಅಜ್ಜಿ ಗಳಿಗೆಗೊಮ್ಮೆ ಸೂ ಎನ್ನತೊಡಗಿದರು. ಎತ್ತಿಕೊಂಡು ಹೋಗಿ ಕೂರಿಸಿದರೆ ಏನೂ ಆಗುತ್ತಿರಲಿಲ್ಲ. ಟಾಯ್ಲೆಟ್ಟಿನ ಬಾಗಿಲು ಕಂಡರೆ ಅವರು ಗೋಡೆ ಹಿಡಿದು ಅಳುತ್ತಿದ್ದರು. ‘ನಾಚ್ಕೋಬೇಡಿ, ನಾನು ನಿಮ್ಮ ಮಗಳ ಥರ ಅಲ್ವಾ?’ ಎಂದು ಚಂದ್ರಪ್ರಭಾ ಸಮಾಧಾನ ಮಾಡುತ್ತಿದ್ದಳು. ಕೊನೆಗೆ ಅವಳಿಗೊಂದು ಉಪಾಯ ಹೊಳೆಯಿತು: ಕುಡಿಯುವುದು ಕಡಿಮೆಯಾದರೆ ಈ ಓಡಾಟವೂ ಕಡಿಮೆಯಾದೀತು. ಮೇ ಇಟ್ಟುಹೋಗುತ್ತಿದ್ದ ಚಹದ ಫ್ಲಾಸ್ಕಿನಿಂದ ಅರ್ಧ ಲೋಟ ಕೊಟ್ಟು ಉಳಿದದ್ದನ್ನು ಸಿಂಕಿಗೆ ಸುರಿದಳು. ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಕೆಟ್ಟ ಮನಸ್ಸಿನಿಂದಲ್ಲ, ಪಾಪ. ಮುದಿ ಸೊಂಟಕ್ಕೆ ನೋವಾಗದಿರಲಿ ಎಂದೇ. ಸಂಜೆ ಮೇ ಚಮಚದಲ್ಲಿ ಗಂಜಿ ಕುಡಿಸಲು ಬರುವ ಹೊತ್ತಿಗೆ ಅಜ್ಜಿ ಮಂಪರಿನಲ್ಲಿರುತ್ತಿದ್ದರು.

ಒಂದು ಮಧ್ಯಾಹ್ನ ಅವರು ಎಬ್ಬಿಸಿದರೂ ಏಳಲಿಲ್ಲ. ಆಂಬುಲೆನ್ಸ್ ಬಂತು. ಆಸ್ಪತ್ರೆಯಲ್ಲಿ ನರ್ಸ್ ಹೆಸರು ನೋಡಿ ಚೈನೀಸ್ ದುಭಾಷಿಗೆ ಫೋನ್ ಹಚ್ಚಿ, ಮಂಪರಿನಲ್ಲೇ ಸೂ ಎಂದು ಗೊಣಗುತ್ತಿದ್ದ ಅಜ್ಜಿಯ ತುಟಿಗೆ ಹಿಡಿದಳು. ‘ಇದು ಚೈನೀಸ್ ಅಲ್ಲ’ ಎಂದಿತು ಆ ಕಡೆಯ ದನಿ.

‘ನಂಗೊತ್ತು,’ ಎಂದಳು ಚಂದ್ರಪ್ರಭಾ. ‘ಅವ್ರಿಗೆ ಟಾಯ್ಲೆಟ್‌ಗೆ ಹೋಗ್ಬೇಕು.’

ಮೂತ್ರಪಿಂಡಗಳು ಅದಾಗಲೇ ಕೈಬಿಟ್ಟಿದ್ದವು. ಹಾನ್‌ನ ವಿಮಾನ ಇಳಿಯುವ ಮೊದಲೇ ಅಜ್ಜಿ ಹೋದರು.

ಅವನು ಏರ್‌ಪೋರ್ಟಿನಿಂದ ನೇರವಾಗಿ ಆಸ್ಪತ್ರೆಗೆ ಬಂದ. ಹೆಂಡತಿಯನ್ನು ತಬ್ಬಿ ಅತ್ತು, ಆಮೇಲೆ ಚಂದ್ರಪ್ರಭಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ: ‘ಅಮ್ಮ ಏನಾದ್ರೂ ಮಾತಾಡಿದ್ರಾ?’

‘ಸೂ ಅಂತಿದ್ರು. ಬರೀ ಅದೊಂದೇ.’

ಅಳುತ್ತಿದ್ದ ಮುಖ ಅರಳಿತು. ‘ಸೂ! ಅದು ನಮ್ಮ ಸಾಲಾರ್ ಭಾಷೆ. ಚೀನಾ ಅಂದ್ರೆ ಒಂದೇ ಭಾಷೆ ಅಂದ್ಕೋತಾರೆ ಜನ. ಟಿಬೆಟ್‌ನವ್ರದ್ದು ಚೈನೀಸಿಗೆ ದೂರದ ದಾಯಾದಿ, ಮಂಗೋಲರದ್ದು ಬೇರೆ ಬಳಗ, ನಮ್ಮದು ತುರ್ಕಿ ಬಳಗ. ಸೂ ಅಂದ್ರೆ ನೀರು. ಮೂಲೆ ಅಂಗಡಿಯ ತುರ್ಕಿಯವನನ್ನು ಕೇಳಿದ್ರೂ ಹೇಳ್ತಾನೆ.’

ಚಂದ್ರಪ್ರಭಾ ಶನಿವಾರ ಶನಿವಾರ ಕೊತ್ತಂಬರಿ ತರುತ್ತಿದ್ದದ್ದು ಆ ಅಂಗಡಿಯಿಂದಲೇ. ತಾನು ಕೊಂದೆ ಎಂದು ಅವಳಿಗೆ ನಿಚ್ಚಳವಾಗಿ ಗೊತ್ತಾಯಿತು. ಹಾನ್ ಕಣ್ಣೊರೆಸಿಕೊಳ್ಳುತ್ತ ಕೇಳಿದ:

‘ಕೇಳ್ದಾಗೆಲ್ಲ ಕೊಟ್ರಿ ಅಲ್ವಾ?’

ನಿಜ ಹೇಳಲೆಂದೇ ಅವಳು ಬಾಯಿ ತೆರೆದಳು.

‘ಕೊಟ್ಟೆ,’ ಎಂದಳು.

ಹಾನ್ ಬಗ್ಗಿ ಅವಳ ಎರಡೂ ಕೈಗಳನ್ನು ಹಣೆಗೆ ಒತ್ತಿಕೊಂಡ. ‘ನಮ್ಮಮ್ಮಂಗೆ ನೀರು ಕೊಟ್ಟ ಕೈ,’ ಎಂದು ಬಿಕ್ಕಿದ. ಬಿಡಿಸಿಕೊಳ್ಳುವ ಧೈರ್ಯ ಅವಳಿಗೆ ಬರಲಿಲ್ಲ.