ಹಿಡಿಯದೆ ಅಂದ ಹೂಂ

ಮನೆ ಸಾಮಾನು ಸಾಗಿಸೋ ನಮ್ಮ ಕೆಲಸದಲ್ಲಿ ‘ಹೂಂ’ ಅನ್ನೋದಕ್ಕೆ ಒಂದೇ ಅರ್ಥ. ಸಾಮಾನಿಗೆ ಕಟ್ಟಿದ ಬೆಲ್ಟು ಎರಡು ಸುತ್ತು ಕೈಗೆ ಬಿಗಿದಿದೆ, ಭಾರ ನನ್ನ ಮೇಲಿದೆ, ನೀನು ಹೆಗಲು ಬದಲಾಯಿಸಬಹುದು ಅಂತ. ಬೇರೆ ಯಾವುದಕ್ಕೂ ಮೆಟ್ಟಿಲ ಮೇಲೆ ಹೂಂ ಅನ್ನಬಾರದು. ಕಲಿಸಿದವನು ಅಣ್ಣನೇ.

ಅವತ್ತು ಒಬ್ಬರ ಮನೆ ಮೆಟ್ಟಿಲಲ್ಲಿ ಕಬ್ಬಿಣದ ಬೀರು ಇಳಿಸ್ತಿದ್ವಿ. ಅಣ್ಣ ಕೆಳಗೆ, ನಾನು ಮೇಲೆ. ಆ ಮನೆಯವರೆಲ್ಲ ನಿಂತು ನೋಡ್ತಿದ್ರು.

‘ಏಳನೇ ಕ್ಲಾಸಿಗೇ ಪುಸ್ತಕ ಕೆಳಗಿಟ್ಟವನು ಸಾರ್ ಇವನು. ಬೀರುನಾದ್ರೂ ಇಡದೇ ಹಿಡ್ಕೋತಾನೋ ನೋಡೋಣ’ ಅಂದ ಅಣ್ಣ. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯ್ತು.

‘ಏನೋ, ಹಿಡ್ಕೊಂಡ್ಯಾ?’

‘ಹೂಂ’ ಅಂದೆ. ಮೂತಿ ತಿರುವಿಕೊಂಡು ಅಂದ ಹೂಂ ಅದು. ಬೆಲ್ಟು ಇನ್ನೂ ಒಂದು ಸುತ್ತೂ ಆಗಿರಲಿಲ್ಲ.

ಅಣ್ಣ ನಂಬಿ ಹೆಗಲು ತೆಗೆದ. ಬೀರು ಜಾರಿತು. ಅವನು ಬಲಗೈ ಊರಿಕೊಂಡು ಹಿಂದಕ್ಕೆ ಬಿದ್ದ, ಬೀರು ಆ ತೋಳಿನ ಮೇಲೇ ಕೂತಿತು.

ಆಸ್ಪತ್ರೆಯಲ್ಲಿ ಮಣಿಕಟ್ಟು ಹೇಗೆ ಸೊಟ್ಟಗಾಗಿತ್ತು ಅಂದ್ರೆ, ಬೇರೆ ಕಡೆ ಯಾರ ಕಣ್ಣೂ ಹೋಗಲಿಲ್ಲ. ಅಣ್ಣನೂ ‘ಇಲ್ಲೇ, ಇಲ್ಲೇ’ ಅಂತ ಅದನ್ನೇ ತೋರಿಸ್ತಿದ್ದ.

‘ಹೇಗೆ ಬಿದ್ರು? ಮೇಲೆ ಭಾರ ಏನಾದ್ರೂ ಬಿತ್ತಾ?’ ಡಾಕ್ಟರಮ್ಮ ಕೇಳಿದ್ರು.

‘ಇಲ್ಲ ಮೇಡಂ. ಕಾಲು ಜಾರಿತು ಅಷ್ಟೇ.’

ಅಣ್ಣ ನನ್ನ ಮುಖ ನೋಡಿದ. ಮಣಿಕಟ್ಟಿಗೆ ಮಾತ್ರ ಎಕ್ಸ್‌ರೇ ಆಯ್ತು. ಎರಡು ಕಡೆ ಮುರಿದಿತ್ತು. ಪಟ್ಟಿ ಕಟ್ಟೋಕೆ ಶುರು ಮಾಡಿದ್ರು.

‘ಕಿರುಬೆರಳು ಜೋಮು ಹಿಡಿದ ಹಾಗಿದೆ ಕಣೋ’ ಅಂದ ಅಣ್ಣ, ಮೆಲ್ಲಗೆ. ಮುಟ್ಟಿ ನೋಡಿದೆ. ತಣ್ಣಗಿತ್ತು. ನಾನು ಚಿವುಟಿದ್ದೂ ಅವನಿಗೆ ಗೊತ್ತಾಗಲಿಲ್ಲ.

ಆ ಕೈಯೇ ಅವನ ಮನೆ ನಡೆಸೋದು. ನನ್ನ ಮಾನ ಉಳಿಸೋಕೆ ಅದನ್ನ ಕಳೀತಿದ್ದೀನಿ ಅಂತ ಆಗ ಹೊಳೀತು.

‘ಮೇಡಂ, ಸುಳ್ಳು ಹೇಳಿದೆ. ಬೀರು ಬಿತ್ತು. ತೋಳು ಅದರ ಕೆಳಗೆ ಸಿಕ್ಕಿ ತಿರುಚಿಕೊಳ್ತು. ತಪ್ಪು ನನ್ನದು.’

ಆಕೆ ನನ್ನ ಕಡೆ ನೋಡಲೂ ಇಲ್ಲ. ಕತ್ತರಿ ತಗೊಂಡು ತುಂಬುತೋಳಿನ ಅಂಗಿ ಹೆಗಲವರೆಗೂ ಸೀಳಿದ್ರು. ಮೊಣಕೈ ಹಿಂದೆ ಮೂಳೆ ಗುಬುಟಾಗಿ ಎದ್ದಿತ್ತು.

‘ಕೀಲು ತಪ್ಪಿದೆ. ನರ ಎಳೀತಿದೆ. ಮೊದಲು ಇದು ಕೂರಬೇಕು, ಮಣಿಕಟ್ಟು ಆಮೇಲೆ. ಹೀಗೇ ಕಟ್ಟಿ ಕಳಿಸಿದ್ರೆ ಬೆರಳು ಹೋಗ್ತಿತ್ತು.’

ಇನ್ನೊಂದು ಎಕ್ಸ್‌ರೇ ಆಯ್ತು. ಮತ್ತಿನ ಇಂಜೆಕ್ಷನ್ ಕೊಟ್ರು. ಒಬ್ಬರು ರಟ್ಟೆ ಹಿಡಿದ್ರು, ಆಕೆ ಮುರಿದ ಜಾಗ ಬಿಟ್ಟು ಮುಂದೋಳು ಹಿಡಿದು ನಿಧಾನಕ್ಕೆ ಎಳೆದ್ರು. ಲೊಟಕ್ ಅಂತು. ನಾನು ಗೋಡೆಗೆ ಮುಖ ಮಾಡಿದೆ.

ಎಚ್ಚರ ಆದಮೇಲೆ ಅಣ್ಣ ಕಿರುಬೆರಳು ಅಲ್ಲಾಡಿಸಿದ. ಮಣಿಕಟ್ಟಿಗೆ ನಾಳೆ ಆಪರೇಷನ್ ಮಾಡಿ ಪ್ಲೇಟು ಹಾಕ್ತೀವಿ ಅಂದ್ರು ಡಾಕ್ಟರಮ್ಮ.

‘ನಿಮ್ಮತ್ತಿಗೆಗೆ ನೀನೇ ಹೇಳು’ ಅಂದ.

ಫೋನ್ ಮಾಡಿದೆ. ‘ಅತ್ತಿಗೆ, ಅಣ್ಣ ಬಿದ್ದ. ಬೀಳಿಸಿದ್ದು ನಾನು.’ ಪೂರ್ತಿ ಹೇಳಿದೆ. ‘ಅವರಿಗೆ ಕೊಡು’ ಅಂದ್ರು.

ಅಣ್ಣನ ಕಿವಿಗೆ ಫೋನ್ ಹಿಡಿದು ನಿಂತೆ. ಅತ್ತಿಗೆ ನನ್ನ ಬೈತಾರೆ ಅಂತ ಕಾದೆ. ಬೈದಿದ್ರೆ ಸಾಕಿತ್ತು.

‘ಇಲ್ಲ ಕಣೇ, ಊಟ ಆಗಿಲ್ಲ’ ಅಂದ ಅಣ್ಣ, ‘ಅವನೂ ಬೆಳಗ್ಗೆಯಿಂದ ಏನೂ ತಿಂದಿಲ್ಲ.’