ಖಂಡೆಪ್ಪನ ಎರಡು ಗುದ್ದು

ಖಂಡೆಪ್ಪನ ಲಾರಿ ಖಂಡೆಪ್ಪನ ಕೈಗಲ್ಲದೆ ಬೇರೆ ಯಾರ ಕೈಗೂ ಸ್ಟಾರ್ಟ್ ಆಗುತ್ತಿರಲಿಲ್ಲ. ಇದನ್ನು ಅವನು ಎಲ್ಲರ ಮುಂದೆ ದೊಡ್ಡ ಕಷ್ಟವೆಂಬಂತೆ ಹೇಳಿಕೊಳ್ಳುತ್ತಿದ್ದ. ಆದರೆ ಹೇಳುವಾಗ ಮೀಸೆಯಡಿಯ ನಗು ಮಾತ್ರ ಮುಚ್ಚಿಡಲು ಆಗುತ್ತಿರಲಿಲ್ಲ.

ಸ್ಟಾರ್ಟ್ ಮಾಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಸ್ಟೇರಿಂಗನ್ನು ಎಡಕ್ಕೆ ಕಾಲು ಸುತ್ತು ಎಳೆದು ಮೊಣಕಾಲಿನಿಂದ ಒತ್ತಿ ಹಿಡಿಯಬೇಕು. ಆಮೇಲೆ ಸ್ಟೇರಿಂಗಿನ ಕೆಳಗೆ, ಚಾವಿ ಹಾಕುವ ಜಾಗದ ಸುತ್ತ ಇರುವ ಕರಿ ಡಬ್ಬಿಗೆ ಮುಷ್ಟಿಯಿಂದ ಎರಡು ಗುದ್ದು ಹಾಕಬೇಕು. ಮೊದಲನೆಯದು ಮೆಲ್ಲಗೆ, ಎರಡನೆಯದು ಜೋರಾಗಿ. ನಂತರ ಚಾವಿ ತಿರುಗಿಸುತ್ತ "ನಡಿ ಮುದುಕಿ" ಎನ್ನಬೇಕು. ಈ ಕೊನೆಯದು ಎಷ್ಟರ ಮಟ್ಟಿಗೆ ಬೇಕಿತ್ತೋ ದೇವರಿಗೇ ಗೊತ್ತು, ಖಂಡೆಪ್ಪನಂತೂ ಒಂದು ಸಲವೂ ಬಿಟ್ಟವನಲ್ಲ. ಶಹಾಬಾದಿನ ಕಲ್ಲಿನ ಖಣಿಯಲ್ಲಿ ಎಷ್ಟೋ ಡ್ರೈವರುಗಳು ಪಂದ್ಯ ಕಟ್ಟಿ ಗುದ್ದಿ ನೋಡಿ, ಕೈ ನೋಯಿಸಿಕೊಂಡು ಕೆಳಗಿಳಿದಿದ್ದರು. ಆಗೆಲ್ಲ ಖಂಡೆಪ್ಪ ಉಡದಾರಕ್ಕೆ ಕಟ್ಟಿದ ಚಾವಿಯನ್ನು ಹಿಡಿದು ಮದುವೆ ಗಂಡಿನ ಗತ್ತಿನಲ್ಲಿ ಮೇಲೆ ಹತ್ತುತ್ತಿದ್ದ.

ಇಪ್ಪತ್ತೆರಡು ವರ್ಷ ಹೀಗೆ ನಡೆಯಿತು. ಕಳೆದ ವರ್ಷ ಕಣ್ಣು ಕೈಕೊಟ್ಟಿತು. ಎಡಗಣ್ಣಿಗೆ ಆಪರೇಷನ್ ಆಯಿತು, ಬಲಗಣ್ಣು ನೋಡಿದ ಡಾಕ್ಟರು "ಇನ್ನು ಲಾರಿ ಓಡಿಸಬೇಡಿ" ಎಂದು ಬಿಟ್ಟರು. ಎರಡು ದಿನ ಲಾರಿ ಕುರಕುಂಟಾದ ಮನೆಯ ಮುಂದೆ ನಿಂತೇ ಇತ್ತು. ಮೂರನೆಯ ದಿನ ಮಗಳು ಉಮಾದೇವಿ ತನ್ನ ಹೆವಿ ಲೈಸೆನ್ಸು ತಂದು ಅಪ್ಪನ ಮುಂದಿಟ್ಟಳು. ಹೊಲದಲ್ಲಿ ಟ್ರ್ಯಾಕ್ಟರ್ ಓಡಿಸಿ ಬೆಳೆದ ಹುಡುಗಿ, ಅಪ್ಪನಿಗೆ ತಿಳಿಯದ ಹಾಗೆ ಕಲಬುರಗಿಗೆ ಹೋಗಿ ಪರೀಕ್ಷೆ ಕೊಟ್ಟು ಬಂದಿದ್ದಳು. ಖಂಡೆಪ್ಪನ ಎದೆ ಉಬ್ಬಿತು. ಅದರ ಹಿಂದೆಯೇ ಒಂದು ಸಣ್ಣ ಹೆದರಿಕೆಯೂ ಬಂತು.

ಆದರೆ ಮುದುಕಿ ಅವನ ಮಾನ ಕಾಪಾಡಿದಳು. ಉಮಾದೇವಿ ಎಷ್ಟು ಗುದ್ದಿದರೂ ಲಾರಿ ಸ್ಟಾರ್ಟ್ ಆಗಲಿಲ್ಲ. ಹಾಗಾಗಿ ಒಂದು ಒಪ್ಪಂದವಾಯಿತು. ಅಪ್ಪ ಸ್ಟಾರ್ಟ್ ಮಾಡಿ ಕೊಡಬೇಕು, ಮಗಳು ಓಡಿಸಬೇಕು. ಅವನು ಎಡಗಡೆಯ ಸೀಟಿನಲ್ಲಿ ಕೂತು, ಎಮ್ಮೆ ಅಡ್ಡ ಬಂದಾಗಲೆಲ್ಲ ಅಲ್ಲಿ ಇಲ್ಲದ ಬ್ರೇಕನ್ನು ಬಲಗಾಲಿನಿಂದ ತುಳಿಯುತ್ತಿದ್ದ. ಎಷ್ಟೇ ದೂರದ ದಾರಿಯಾದರೂ ಕಣ್ಣು ಮುಚ್ಚುತ್ತಿರಲಿಲ್ಲ. ಓಡುವ ಗಾಡಿಯಲ್ಲಿ ಅವನಿಗೆ ನಿದ್ದೆ ಬಂದದ್ದೇ ಇಲ್ಲ.

"ಅಪ್ಪಾ, ಒಮ್ಮೆ ಆ ಡಬ್ಬಿ ಬಿಚ್ಚಿ ನೋಡ್ಸೂಣು" ಎಂದು ಉಮಾದೇವಿ ಎಷ್ಟೋ ಸಲ ಹೇಳಿದ್ದಳು.

"ಹಳೀ ಗಾಡಿ ಅದ, ಬಿಚ್ಚಿದ್ರ ಮತ್ತ ಕೂಡಂಗಿಲ್ಲ" ಎಂದು ಅವನು ಪ್ರತಿ ಸಲವೂ ತಳ್ಳಿಹಾಕುತ್ತಿದ್ದ.

ನಿಜ ಸಂಗತಿ ಬೇರೆ. ಡಬ್ಬಿ ಬಿಚ್ಚಿ ದೋಷ ಸರಿಯಾದರೆ ಲಾರಿ ಯಾರ ಕೈಗಾದರೂ ಸ್ಟಾರ್ಟ್ ಆಗುತ್ತದೆ. ಆಮೇಲೆ ಖಂಡೆಪ್ಪನನ್ನು ಕರೆದುಕೊಂಡು ಹೋಗುವವರು ಯಾರು? ಮನೆಯಲ್ಲಿ ಕೂತು ಹೆಂಡತಿ ಪೀರಮ್ಮನ ಜೊತೆ ತೊಗರಿ ಹಸನು ಮಾಡಬೇಕು. ಆ ಯೋಚನೆ ಬಂದಾಗಲೆಲ್ಲ ಅವನು ಉಡದಾರದ ಚಾವಿಗೆ ಇನ್ನೊಂದು ಗಂಟು ಬಿಗಿಯುತ್ತಿದ್ದ.

ಮೊನ್ನೆ ಗುರುವಾರ ಶಹಾಬಾದಿನಲ್ಲಿ ಪರಸಿ ಕಲ್ಲು ತುಂಬಿಕೊಂಡು ಇಬ್ಬರೂ ಚಿಂಚೋಳಿಗೆ ಹೊರಟರು. ಅಲ್ಲಿ ಒಬ್ಬರ ಹೊಸ ಮನೆಗೆ ನೆಲ ಹಾಸಬೇಕಿತ್ತು, ಕಲ್ಲು ಹಾಸುವ ಗೌಂಡಿಗಳು ಕಾಯುತ್ತಿದ್ದರು. ವಾಡಿ ದಾಟಿತು, ಚಿತ್ತಾಪುರ ದಾಟಿತು. ಮಳಖೇಡಕ್ಕೆ ಬರುವಷ್ಟರಲ್ಲಿ ಹತ್ತು ಗಂಟೆ. ರಸ್ತೆ ಬದಿಯ ಹೋಟೆಲಿನಲ್ಲಿ ಮಂಡಕ್ಕಿಯ ಸುಸ್ಲಾ, ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಖಂಡೆಪ್ಪ ಎಂದಿನಂತೆ ಗತ್ತಿನಲ್ಲಿ ಮೇಲೆ ಹತ್ತಿದ. ಮೊಣಕಾಲು ಒತ್ತಿದ. ಎರಡು ಗುದ್ದು ಹಾಕಿದ. "ನಡಿ ಮುದುಕಿ" ಎಂದ.

ಚಾವಿ ತಿರುಗಿತು, ಆದರೆ ಮೀಟರಿನ ಕೆಂಪು ದೀಪ ಹತ್ತಲಿಲ್ಲ. ಇಂಜಿನ್ ಕೆಮ್ಮಲೂ ಇಲ್ಲ.

ಮತ್ತೆ ಎರಡು ಗುದ್ದಿದ. ಆಮೇಲೆ ನಾಲ್ಕು. ಆಮೇಲೆ ಲೆಕ್ಕ ಬಿಟ್ಟು ಗುದ್ದತೊಡಗಿದ. ಸಿಮೆಂಟ್ ತುಂಬಿಕೊಂಡು ನಿಂತಿದ್ದ ಲಾರಿಗಳ ಡ್ರೈವರುಗಳು ಚಹಾದ ಗ್ಲಾಸು ಹಿಡಿದು ನೋಡುತ್ತ ನಿಂತರು. ಖಂಡೆಪ್ಪನ ಕಿವಿ ಕೆಂಪಾಯಿತು. ಗುದ್ದಿದರೆ ಏಳದ ಗಾಡಿಗೆ ಬೇರೆ ಏನು ಮಾಡಬೇಕೆಂದು ಅವನಿಗೂ ಗೊತ್ತಿರಲಿಲ್ಲ.

ಉಮಾದೇವಿ ರಸ್ತೆ ದಾಟಿ ಎದುರಿನ ಗ್ಯಾರೇಜಿನಿಂದ ಮಜೀದಸಾಬನನ್ನು ಕರೆದುಕೊಂಡು ಬಂದಳು. ಮಜೀದಸಾಬ ಈ ರಸ್ತೆಯ ಹಳೆಯ ಮಿಸ್ತ್ರಿ, ಖಂಡೆಪ್ಪನ ಅಷ್ಟೇ ಹಳೆಯ ದೋಸ್ತ. ಮೂರು ವರ್ಷದ ಹಿಂದೆಯೇ ಆ ಡಬ್ಬಿ ಬಿಚ್ಚುತ್ತೇನೆಂದು ಸ್ಕ್ರೂಡ್ರೈವರ್ ಹಿಡಿದು ಹತ್ತಿದವನನ್ನು ಖಂಡೆಪ್ಪನೇ ಕೈಹಿಡಿದು ಇಳಿಸಿದ್ದ.

"ಏನಣ್ಣಾ, ಇವತ್ತು ಮುದುಕಿ ಸಿಟ್ಟಿಗೆದ್ದಾಳೇನು?" ಎಂದು ಮಜೀದಸಾಬ ಕೇಳಿದ.

"ಬ್ಯಾಟ್ರಿ ಕೂತಿರಬೇಕು" ಎಂದ ಖಂಡೆಪ್ಪ.

ಮಜೀದಸಾಬ ಅವನನ್ನು ಕೆಳಗಿಳಿಸಿ, ತಾನು ಹತ್ತಿ ದೊಡ್ಡ ಲೈಟು ಹಾಕಿದ. ಹಗಲಲ್ಲೂ ಕಣ್ಣಿಗೆ ಹೊಡೆಯುವಷ್ಟು ಬೆಳಕು. ಹಾರ್ನ್ ಒತ್ತಿದ. ಹೋಟೆಲಿನ ನಾಯಿ ಎದ್ದು ಓಡಿತು. "ಬ್ಯಾಟ್ರಿ ಘಟ್ಟಿ ಅದ" ಎಂದ. ಬ್ಯಾಟರಿಯ ವೈರುಗಳನ್ನು ಅಲುಗಾಡಿಸಿ ನೋಡಿದ, ಬಿಗಿಯಾಗಿದ್ದವು. ಆಮೇಲೆ ಗಾಡಿಯ ಕೆಳಗೆ ತೂರಿ, ಸ್ಟಾರ್ಟರಿನ ಎರಡು ಬೋಲ್ಟುಗಳ ನಡುವೆ ಉದ್ದ ಸ್ಕ್ರೂಡ್ರೈವರ್ ಇಟ್ಟ. ಚಟಾರನೆ ಕಿಡಿ ಹಾರಿ ಇಂಜಿನ್ ಗರ್ ಎಂದು ಎದ್ದಿತು. ನಿಂತವರೆಲ್ಲ ಹೋ ಎಂದರು.

"ಸ್ಟಾರ್ಟರೂ ಛಲೋ ಅದ. ಹಂಗಂದ್ರ ಚಾವಿಯಿಂದ ಇಲ್ಲೀತನಕ ಬರೋ ದಾರ್ಯಾಗ ಎಲ್ಲೋ ಕೆಟ್ಟದ. ಡಬ್ಬಿ ಬಿಚ್ಚಬೇಕು" ಎಂದು ಮಜೀದಸಾಬ ಅಂಗಿ ಝಾಡಿಸಿಕೊಂಡ.

ಉಮಾದೇವಿ ಗಡಿಯಾರ ನೋಡಿದಳು. "ಕಾಕಾ, ಗೌಂಡಿಗೋಳು ಮೂರು ಸಲ ಫೋನ್ ಮಾಡ್ಯಾರ. ಈಗ ಹೆಂಗೂ ಇಂಜಿನ್ ಎದ್ದದ, ಬಂದ್ ಮಾಡ್ದೆ ಚಿಂಚೋಳಿ ಮುಟ್ಟಿಸ್ತೀನಿ. ತಿರುಗಿ ಬರಾಗ ಬಿಚ್ಚೂಣು. ಅಪ್ಪಗೂ ಅದೇ ಬೇಕಾಗ್ಯಾದ." ಅವಳು ಮೆಟ್ಟಿಲ ಮೇಲೆ ಕಾಲಿಟ್ಟಳು.

ಖಂಡೆಪ್ಪನಿಗೆ ಕೇಳದೆಯೇ ವರ ಸಿಕ್ಕಿದಂತಾಗಿತ್ತು. ಸುಮ್ಮನಿದ್ದರೆ ಸಾಕು. ತಿರುಗಿ ಬರುವಾಗ ಇನ್ನೊಂದು ನೆಪ ಹೇಳಿದರಾಯಿತು, ಡಬ್ಬಿ ಹಾಗೇ ಉಳಿಯುತ್ತದೆ, ತಾನೂ ಉಳಿಯುತ್ತೇನೆ. ಮಗಳು ಮೇಲೆ ಹತ್ತಿ ಕೂತಳು. ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟಳು. ಆ ಕೈಗಳನ್ನು ನೋಡಿದ ಕೂಡಲೇ ಅವನಿಗೆ ಹೋದ ಸೋಮವಾರ ನೆನಪಾಯಿತು.

"ಉಮಿ, ಇಳಿ ಕೆಳಗ."

"ಯಾಕಪ್ಪಾ?"

"ಇಳಿ ಅಂದ್ನಲ್ಲ. ಮಜೀದಸಾಬ, ಇಂಜಿನ್ ಬಂದ್ ಮಾಡು. ಡಬ್ಬಿ ಬಿಚ್ಚು."

ಮಜೀದಸಾಬ ಹುಬ್ಬೇರಿಸಿದ. ಖಂಡೆಪ್ಪ ನೆಲ ನೋಡುತ್ತ ಮಗಳಿಗೆ ಹೇಳಿದ: "ಹ್ವಾದ ಸೋಮವಾರ ಖಣಿದಾಗ ನೀ ಚಾ ಕುಡೀಲಾಕ ಹೋಗಿದ್ದಿ. ನಾ ಗಾಡಿ ನಾಕ್ ಹೆಜ್ಜಿ ಹಿಂದ ತಗೊಂಡೆ. ತಿರುವಾಗ ಸ್ಟೇರಿಂಗ್ ಗಪ್ಪನ ಹಿಡೀತು. ಆ ಕಡಿ ಇಲ್ಲ, ಈ ಕಡಿ ಇಲ್ಲ. ಮತ್ತ ಗುದ್ದಿದೆ, ಬಿಟ್ಟಿತು."

ಉಮಾದೇವಿ ಕೆಳಗಿಳಿದು ಅವನ ಎದುರಿಗೆ ನಿಂತಳು. "ನನಗ್ಯಾಕ ಹೇಳ್ಲಿಲ್ಲ?"

"ಹೇಳಿದ್ರ ಬಿಚ್ಚಿಸ್ತಿದ್ದಿ."

"ಬಿಚ್ಚಿಸಿದ್ರ ಏನಾಗ್ತಿತ್ತು?"

"ಬಿಚ್ಚಿಸಿದ್ರ ನಾ ಮನ್ಯಾಗ ಕುಂದ್ರಬೇಕಾಗ್ತಿತ್ತು" ಎಂದ ಖಂಡೆಪ್ಪ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡ ಮಾತು ಅಷ್ಟು ಜನರ ಮುಂದೆ ಬಾಯಿಗೆ ಬಂದದ್ದಕ್ಕೆ ಅವನಿಗೆ ನಾಚಿಕೆಯಾಯಿತು. ಉಮಾದೇವಿ ಮುಖ ಆ ಕಡೆ ತಿರುಗಿಸಿದಳು. ಅವಳಿಗೆ ಸಿಟ್ಟು ಬಂದಿತ್ತು, ಬರಬೇಕಾದ್ದೇ.

ಇಂಜಿನ್ ನಿಂತ ಮೇಲೆ ಖಂಡೆಪ್ಪ ಚಾವಿ ಹೊರಗೆ ತೆಗೆದು, ಉಡದಾರಕ್ಕೆ ಕಟ್ಟಿಕೊಳ್ಳದೆ ಮಜೀದಸಾಬನ ಕೈಗೆ ಕೊಟ್ಟ. ನಾಲ್ಕು ಸ್ಕ್ರೂ ಸಡಿಲವಾದವು. ಡಬ್ಬಿಯ ಕೆಳಭಾಗ ಕೈಗೆ ಬಂತು. ಅದರ ಜೊತೆಗೆ ಮಜೀದಸಾಬನ ತೊಡೆಯ ಮೇಲೆ ಒಂದು ಹಿಡಿ ಕಡ್ಡಿ ಸುರಿಯಿತು. ಬೆರಳು ಹಾಕಿದ, ಇನ್ನೊಂದು ಹಿಡಿ. ಅರ್ಧಂಬರ್ಧ ಉರಿದ ಬಿದಿರಿನ ತುಂಡುಗಳು, ಎಣ್ಣೆ ಮತ್ತು ಭಂಡಾರದ ಹಳದಿ ಪುಡಿಯಲ್ಲಿ ಅಂಟಿಕೊಂಡು ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿದ್ದವು. ಕ್ಯಾಬಿನ್ ತುಂಬ ದೇವರ ಮನೆಯ ವಾಸನೆ ಹರಡಿತು.

"ಏ ಖಂಡೆಪ್ಪಣ್ಣಾ, ಇವು ಊದಿನಕಡ್ಡಿ ಅಲ್ಲೇನು?"

ಖಂಡೆಪ್ಪ ಬಗ್ಗಿ ನೋಡಿದ. ಅನುಮಾನವೇ ಇರಲಿಲ್ಲ. ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು, ತೆಂಗಿನಕಾಯಿ ಒಡೆದು, ಮೈಲಾರಲಿಂಗನ ಹೆಸರಲ್ಲಿ ಭಂಡಾರ ಹಚ್ಚಿ, ಗಾಳಿಗೆ ಆರಬಾರದೆಂದು ಐದು ಊದಿನಕಡ್ಡಿಗಳನ್ನು ಅವನೇ ಸ್ಟೇರಿಂಗಿಗೂ ಡಬ್ಬಿಗೂ ನಡುವಿನ ಸಂದಿಯಲ್ಲಿ ಸಿಗಿಸುತ್ತಿದ್ದ. ಉರಿದ ಮೇಲೆ ತುಂಡುಗಳು ಎಲ್ಲಿ ಹೋದವೆಂದು ಒಂದು ದಿನವೂ ಕೇಳಿದವನಲ್ಲ. ದೇವರಿಗೆ ಮುಟ್ಟಿದವೆಂದೇ ತಿಳಿದಿದ್ದ.

"ನಮ್ಮ ದರ್ಗಾದಾಗೂ ಇಷ್ಟು ಕಡ್ಡಿ ಸಿಗಂಗಿಲ್ಲ ನೋಡು" ಎಂದು ಮಜೀದಸಾಬ ನಗುತ್ತ ಹೇಳಿದ. ಹೊರಗೆ ನಿಂತವರೂ ನಕ್ಕರು. ಆಮೇಲೆ ಅವನು ನಗು ನಿಲ್ಲಿಸಿ ಬೆರಳು ಗಾತ್ರದ ಒಂದು ಕಬ್ಬಿಣದ ಗೂಟ ತೋರಿಸಿದ. "ಇದು ಸ್ಟೇರಿಂಗ್ ಲಾಕ್, ಹೊರಗ ಬಂದ್ರ ಸ್ಟೇರಿಂಗ್ ಹಿಡಕೊಂಡುಬಿಡ್ತದ. ಚಾವಿ ತಿರುವಿದ್ರ ಪೂರಾ ಹಿಂದ ಸರೀಬೇಕು. ಕಡ್ಡಿ ಅಡ್ಡ ಬಂದು ಅರ್ಧಕ್ಕ ನಿಂತದ. ನೀ ಗುದ್ದಿದಾಗೆಲ್ಲ ಕಡ್ಡಿ ಜರಾ ಸರಿದು ಗಾಡಿ ಸ್ಟಾರ್ಟ್ ಆಗ್ತಿತ್ತು, ಖರೇ. ಆದ್ರ ಈ ಗೂಟಾನೂ ಹೊರಗ ಬರ್ತಿತ್ತು. ಮುಂದ ಕಾಗಿಣಾ ಹೊಳಿ ಪೂಲ್ ಅದ. ಅಲ್ಲಿ ಹಿಡಿದಿದ್ರ?"

ಖಂಡೆಪ್ಪ ತನ್ನ ಮುಷ್ಟಿಯನ್ನು ನೋಡಿಕೊಂಡ. ಇಷ್ಟು ವರ್ಷ ತನ್ನ ಕೈಗುಣವೆಂದು ಮೆರೆಸಿದ್ದು ತಾನೇ ತುಂಬಿದ ಕಸವನ್ನು ತಾನೇ ಸರಿಸುವ ಕೆಲಸವಾಗಿತ್ತು. ನಗಬೇಕೋ ಅಳಬೇಕೋ ತಿಳಿಯದೆ ಅವನು ಹೋಟೆಲಿನವನಿಗೆ ಇನ್ನೊಂದು ಚಹಾ ಹೇಳಿದ.

ಮಜೀದಸಾಬ ಡೀಸೆಲ್ ಹಾಕಿ ಎಲ್ಲವನ್ನೂ ತೊಳೆದ. ಕಡ್ಡಿಗೆ ಸಿಕ್ಕಿ ಹರಿದು ಇವತ್ತು ಗಾಡಿ ನಿಲ್ಲಿಸಿದ್ದ ಒಂದು ವೈರನ್ನು ಜೋಡಿಸಿ ಟೇಪು ಸುತ್ತಿದ. ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಯವರೆಗೆ ಹತ್ತು ಸಲ ತಿರುಗಿಸಿ, ಗೂಟ ಅಲುಗದ್ದನ್ನು ಉಮಾದೇವಿಗೆ ತೋರಿಸಿದ. ಡಬ್ಬಿ ಕೂಡಿಸಿ ಚಾವಿಯನ್ನು ಅವಳ ಕೈಗೇ ಕೊಟ್ಟ. "ಇನ್ನ ಮ್ಯಾಲ ಬಾಳಿಹಣ್ಣಿಗಿ ಕಡ್ಡಿ ಚುಚ್ಚಿ ಮುಂದ ಇಡ್ರಿ. ಸಂದ್ಯಾಗ ಬ್ಯಾಡ."

ಉಮಾದೇವಿ ಹತ್ತಿ ಕೂತಳು. ಖಂಡೆಪ್ಪ ಕೆಳಗೇ ನಿಂತಿದ್ದ. ಸೇಡಂ ಕಡೆ ಹೋಗುವ ಜೀಪೊಂದು ಜನರನ್ನು ಕೂಗಿ ಹತ್ತಿಸಿಕೊಳ್ಳುತ್ತಿತ್ತು. ಅದರಲ್ಲಿ ಹೋದರೆ ಮಧ್ಯಾಹ್ನದ ಊಟಕ್ಕೆ ಕುರಕುಂಟಾ ಸೇರಬಹುದೆಂದು ಅವನು ಲೆಕ್ಕ ಹಾಕಿದ.

"ಅಪ್ಪಾ, ಚಿಂಚೋಳಿದಾಗ ಆ ಹೊಸ ಮನಿ ಓಣಿ ಒಳಗ ಗಾಡಿ ಹೆಂಗ ತಿರುವಬೇಕಂತ ನನಗ ಯಾರ್ ಹೇಳ್ಬೇಕು? ಈ ಮಜೀದ ಕಾಕಾ ಬರ್ತಾನೇನು?" ಸಿಟ್ಟು ಇನ್ನೂ ಇಳಿದಿರಲಿಲ್ಲ, ದನಿಯಲ್ಲೇ ಗೊತ್ತಾಗುತ್ತಿತ್ತು. "ಹತ್ತು."

ಅವನು ಹತ್ತಿದ. ಅವಳು ಚಾವಿ ಹಾಕಿ, ತಿರುಗಿಸದೆ, ಡಬ್ಬಿಯ ಕಡೆ ಗಲ್ಲ ಎತ್ತಿ ತೋರಿಸಿದಳು. "ಎರಡು ಹಾಕು ಬೇಕಾದ್ರ."

"ಸುಳ್ಳೇ ಯಾಕ ಗುದ್ಲಿ? ನಡಿ" ಎಂದ ಖಂಡೆಪ್ಪ. ಅವಳಿಗೆ ನಗು ಬಂದುಬಿಟ್ಟಿತು. ಚಾವಿ ಒಂದೇ ಸಲ ತಿರುಗಿತು, ಲಾರಿ ಎದ್ದಿತು.

ಕಾಗಿಣಾದ ಸೇತುವೆ ಬಂತು. ಸ್ಟೇರಿಂಗ್ ಅವಳ ಕೈಯಲ್ಲಿ ಹಗುರಾಗಿ ತಿರುಗುವುದನ್ನು ಖಂಡೆಪ್ಪ ಕೊನೆಯವರೆಗೂ ನೋಡಿದ. ಸೇತುವೆ ದಾಟಿದ ಮೇಲೆ ತಲೆಯನ್ನು ಸೀಟಿಗೆ ಆನಿಸಿದ. ಮುಂದೆ ಒಂದು ಎಮ್ಮೆ ಅಡ್ಡ ಬಂತು, ಉಮಾದೇವಿ ಬ್ರೇಕು ಹಾಕಿದಳು. ಪಕ್ಕದಲ್ಲಿ ಅವನ ಬಲಗಾಲು ಅಲ್ಲಾಡಲಿಲ್ಲ.

ಸೇಡಮ್ಮಿನ ಬಂಕಿನಲ್ಲಿ ಅವಳು ಇಂಜಿನ್ ಬಂದ್ ಮಾಡಿ ಡೀಸೆಲ್ ಹಾಕಿಸಿದಳು. ಮತ್ತೆ ಹತ್ತಿ, ಒಂದು ಸಲ ಎಡಗಡೆ ನೋಡಿ, "ನಡಿ ಮುದುಕಿ" ಎಂದು ಮೆಲ್ಲಗೆ ಹೇಳಿ ಚಾವಿ ತಿರುಗಿಸಿದಳು. ಲಾರಿ ಸ್ಟಾರ್ಟ್ ಆಯಿತು. ಖಂಡೆಪ್ಪನಿಗೆ ಎಚ್ಚರವಾಗಲಿಲ್ಲ.